ಹದಿನಾರರ ಕೊಬ್ಬರಿ

“ಗಾಡಿ ಎಷ್ಟು ಓಡ್ತೈತಿ ಅನ್ನೂದು ಆಮ್ಯಾಲ ಹೇಳ್ರಿ. ಮೊದಲ ಮನಶ್ಯಾ ಎಲ್ಲಿ ಕುಂದರ್ತಾನ, ಅದನ್ನ ಹೇಳ್ರಿ.”

ಪರದೇಶದ ಕಾರಿನ ಚಿತ್ರವೊಂದು ಹೊಸದಾಗಿ ಸಿಕ್ಕಿತೆಂದರೆ ಕಾಕಾ ಅದನ್ನು ನನ್ನ ಮೂಗಿನ ಮುಂದೆ ಹಿಡಿದು ಕೇಳುತ್ತಿದ್ದ ಮೊದಲ ಮಾತು ಇದು. ರಾಣೆಬೆನ್ನೂರಿನ ಹಳೆಯ ಪಿ.ಬಿ. ರಸ್ತೆಯ ಮಗ್ಗುಲಲ್ಲಿ ಲಾರಿ, ಟೆಂಪೊಗಳ ಸೀಟು ಹೊಲಿಯುವ ಅಂಗಡಿ ಅವರದು. ನನಗೆ ರಕ್ತಸಂಬಂಧದ ಕಾಕಾ ಅಲ್ಲ. ಆ ರಸ್ತೆಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕಿ. ಖರೇ ಹೆಸರು ಬರೆಯಲು ನನಗೆ ಮನಸ್ಸಿಲ್ಲ. ಯಾರಾದರೂ ಹೆಸರು ಕೇಳಿದರೆ ಅವರಿಗೇ ಸಿಟ್ಟು ಬರುತ್ತಿತ್ತು. “ನನ್ನ ಹೆಸರು ತೊಗೊಂಡು ಏನು ಉಪ್ಪಿನಕಾಯಿ ಹಾಕ್ತೀರಿ? ನಮ್ಮ ಹೋರಿ ಹೆಸರು ಕೇಳ್ರಿ” ಎನ್ನುತ್ತಿದ್ದರು.

ಹೋರಿಯ ಹೆಸರು ಹದಿನಾರು. ಆ ಹೆಸರು ಬಂದದ್ದು ಇಟಲಿಯಿಂದ.

ನಾನು ಆಗ ಔಷಧ ಕಂಪನಿಯೊಂದರ ಪ್ರತಿನಿಧಿ. ಮನೆ ಹಾವೇರಿಯಲ್ಲಿ. ವಾರವಿಡೀ ಬೈಕಿನ ಮೇಲೆ ಬ್ಯಾಡಗಿ, ರಾಣೆಬೆನ್ನೂರು, ಮತ್ತೆ ಹಾವೇರಿ. ಹೆದ್ದಾರಿಯನ್ನು ನಾಲ್ಕು ಪಥ ಮಾಡುವ ಕೆಲಸ ನಡೆದಿದ್ದ ಕಾಲ ಅದು. ಒಂದು ದಿನ ಅಗೆದ ರಸ್ತೆಯಲ್ಲಿ ಕುಲುಕಿ ಕುಲುಕಿ ಬಂದು ಚಹಾದಂಗಡಿಯ ಮುಂದೆ ಸೊಂಟ ಹಿಡಿದುಕೊಂಡು ಇಳಿದೆ. ಪಕ್ಕದ ಅಂಗಡಿಯಿಂದ ಒಬ್ಬರು ಎದ್ದು ಬಂದರು. ಅಂಗಿಯ ಕಾಲರಿಗೆ ಬಾಗಿದ ದಬ್ಬಣ ಚುಚ್ಚಿಕೊಂಡಿದ್ದರು. ಮಾತಿಲ್ಲ, ಕತೆಯಿಲ್ಲ, ನನ್ನ ಔಷಧದ ಚೀಲದ ಮೇಲೆ ಒಮ್ಮೆ ಕಣ್ಣು ಹಾಯಿಸಿ, ಬೈಕಿನ ಸೀಟನ್ನು ಮೊಣಕಾಲಿನಿಂದ ಒತ್ತಿ ನೋಡಿದರು.

“ನಿಮ್ಮ ಸೊಂಟಕ್ಕ ನೀವು ಮಾರೂ ಗುಳಿಗಿ ನಾಟೂದಿಲ್ಲರಿ. ಬರ್ರಿ, ಕುಂದರ್ರಿ. ಸೀಟು ಬಿಚ್ಚತೇನಿ.”

ಅವರು ಬಿಚ್ಚುತ್ತಿರುವಾಗ ನಾನು ರೆಕ್ಸಿನ್ ರಾಶಿಯ ಮೇಲೆ ಕುಳಿತು, ಅಲ್ಲಿ ಬಿದ್ದಿದ್ದ ಇಂಗ್ಲಿಷ್ ಮೋಟಾರು ಪತ್ರಿಕೆಯೊಂದನ್ನು ತಿರುವತೊಡಗಿದೆ. ಅವರ ಕೈ ನಿಂತಿತು.

“ಅದನ್ನ ಓದಾಕ ಬರತೈತೇನ್ರಿ?”

“ಬರತೈತ್ರಿ.”

“ಹಂಗಾರ ನಿಮ್ಮ ಸೀಟು ಇವತ್ತ ಮುಗಿಯಂಗಿಲ್ಲ ಬಿಡ್ರಿ.”

ಅಂದಿನಿಂದ ನಾನು ಅವರ ಬಾಯಲ್ಲಿ ಗುಳಿಗಿ ಸಾಹೇಬ ಆದೆ.

ಆ ಪತ್ರಿಕೆಗಳು ಮುಂಬೈಯ ರದ್ದಿ ಪೇಟೆಯಿಂದ ಲಾರಿ ಡ್ರೈವರುಗಳ ಕೈಯಲ್ಲಿ ಬರುತ್ತಿದ್ದವು. ಬರುವ ಹೊತ್ತಿಗೆ ಹತ್ತು ವರ್ಷ ಹಳಸಿರುತ್ತಿದ್ದವು. ಮೊದಮೊದಲು ಸೀಟಿನ ನಮೂನೆ ನೋಡಲು ತರಿಸಿಕೊಂಡವರು, ಬರಬರುತ್ತ ಕಾರುಗಳಿಗೇ ಮನಸ್ಸು ಕೊಟ್ಟಿದ್ದರು. ಅದೂ ಎಂಥ ಕಾರುಗಳಿಗೆ! ಹುಡುಗರೆಲ್ಲ ಹೆಸರು ಬಲ್ಲ ಕೆಂಪು, ಹಳದಿ ಕಾರು ಬಂದರೆ, “ಇದು ಸಲೂನಿನ ಗ್ವಾಡಿಗೆ ಹಚ್ಚೂ ಕಾರು. ಹೊಳ್ಳಸ್ರಿ” ಎಂದು ಪುಟ ತಿರುವಿಸುತ್ತಿದ್ದರು. ಅವರಿಗೆ ಬೇಕಾದದ್ದು ತೊಂಬತ್ತರ ದಶಕದಲ್ಲಿ ಗುಡುಗಿನಂತೆ ಬಂದು, ಮಳೆ ಸುರಿಸದೆ ಹೋದ ಕಾರುಗಳು. ನಾಲ್ಕು ಜನ ಕೊಂಡು, ನಲವತ್ತು ಜನ ನೋಡಿ, ಊರೇ ಮರೆತವು.

ಒಂದು ಫ್ರಾನ್ಸಿನದಿತ್ತು. ಗಾಳಿಯಂತೆ ಓಡುವ ಕಾರಾದರೂ, ಕೆಟ್ಟ ದಾರಿ ಬಂದರೆ ಗುಂಡಿ ಒತ್ತಿ ಅದರ ಹೊಟ್ಟೆಯನ್ನು ಮೇಲೆತ್ತಬಹುದು ಎಂದು ಓದಿ ಹೇಳಿದೆ. ಕಾಕಾ ತೊಡೆ ತಟ್ಟಿದರು. “ಇದೊಂದಕ್ಕ ನಮ್ಮೂರ ದಾರಿ ಗೊತ್ತೈತಿ ನೋಡ್ರಿ! ಹಳ್ಳ ದಾಟೂ ಹೆಂಗಸು ಸೀರಿ ಎತ್ತಿ ಹಿಡಿದಂಗ...”

“ನಾಚಿಗಿ ಐತೇನು ನಿಮಗ? ಬಂದವರ ಮುಂದ ಏನ ಮಾತಾಡ್ತೀರಿ!” ಒಳಗಿನಿಂದ ಕಾಕಿಯ ದನಿ ಬಂತು.

“ಕಾರಿನ ಸುದ್ದಿ ಹೇಳಾಕತ್ತೇನಿ ಮಾರಾಯ್ತಿ.”

ಇನ್ನೊಂದು ಇಟಲಿಯದು. ಹದಿನಾರು ಸಿಲಿಂಡರುಗಳ ಎಂಜಿನನ್ನು ಬೆನ್ನ ಹಿಂದೆ ಅಡ್ಡಡ್ಡ ಮಲಗಿಸಿದ್ದರು. ಹಾಗಾಗಿ ಅದರ ಹಿಂಭಾಗ ಬಲಿತ ಹೋರಿಯ ಚಪ್ಪೆಯಷ್ಟು ಅಗಲ. ಮುಂದೆ ಒಂದರ ಮೇಲೊಂದು ನಾಲ್ಕು ದೀಪ, ಬೇಕಾದಾಗ ರೆಪ್ಪೆ ತೆರೆದು ಏಳುವಂಥವು. ಕೈಬೆರಳಲ್ಲಿ ಎಣಿಸುವಷ್ಟು ಮಾಡಿ ನಿಲ್ಲಿಸಿಬಿಟ್ಟರಂತೆ. ಆ ಕೊನೆಯ ಸಾಲನ್ನು ಕಾಕಾ ನನ್ನಿಂದ ಮತ್ತೆ ಓದಿಸಿದರು. “ಓಡಲಿಲ್ಲ ಅಂತ ಬರದಾರೇನು?”

“ಇಲ್ಲರಿ. ಚೊಲೋ ಓಡತಿತ್ತು ಅಂತ ಬರದಾರ. ತೊಗೊಳ್ಳವರು ಬರಲಿಲ್ಲ, ಅಷ್ಟ.”

ಅವರು ದಾರಕ್ಕೆ ಮೇಣ ಸವರುತ್ತ ಕೂತರು. ಅದೇ ವಾರ ಹಾವೇರಿಯ ದನದ ಪೇಟೆಯಿಂದ ಅವರು ಒಂದು ಕರಿ ಹೋರಿಗರುವನ್ನು ಹೊಡೆದುಕೊಂಡು ಬಂದಿದ್ದರು. ಅದರ ಒಂದು ಕೋಡು ಸೊಟ್ಟ. ಪೇಟೆಯಲ್ಲಿ ಹೊತ್ತು ಮುಳುಗುವ ತನಕ ಕೊಳ್ಳಲೆಂದು ಅದರ ಹಗ್ಗ ಮುಟ್ಟಿದವರಿರಲಿಲ್ಲ. ಕಾಕಾ ಅದರ ಹಣೆಗೆ ಅರಿಸಿನದ ಭಂಡಾರ ಹಚ್ಚಿ, “ಹದಿನಾರು” ಎಂದು ಕರೆದರು. “ಗೆದ್ದವರ ಹೆಸರು ಇಡಾಕ ಊರ ತುಂಬ ಮಂದಿ ಐತಿ ಸಾಹೇಬ್ರ. ಯಾರೂ ಕೇಳದವರ ಹೆಸರು ಯಾರಿಡಬೇಕು?”

ನಮ್ಮ ಕಡೆ ದೀಪಾವಳಿ ಮುಗಿಯುತ್ತಲೇ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ. ಹೋರಿಯ ಕೊರಳಿಗೆ ಒಣ ಕೊಬ್ಬರಿಯ ಬಟ್ಟಲುಗಳ ಹಾರ, ಬೆನ್ನಿಗೆ ಜೂಲದ ಹೊದಿಕೆ, ಕೋಡಿಗೆ ಬಲೂನು, ರಿಬ್ಬನ್ನು ಕಟ್ಟಿ ಜನಜಂಗುಳಿಯ ನಡುವೆ ಬಿಡುತ್ತಾರೆ. ಎದೆಯಿದ್ದವರು ಮೈಮೇಲೆ ಬಿದ್ದು ಕೊಬ್ಬರಿ ಕಿತ್ತುಕೊಳ್ಳಬೇಕು. ಕಿತ್ತರೆ ಹೋರಿ ಸೋತಂತೆ, ಕೊಬ್ಬರಿ ಕಿತ್ತವನದು. ಕೀಳಗೊಡದೆ ದಾಟಿತೋ, ಹೋರಿಯ ಹೆಸರು ಮುಂದಿನ ದೀಪಾವಳಿಯವರೆಗೆ ಚಹಾದಂಗಡಿಗಳಲ್ಲಿ ಉಳಿಯುತ್ತದೆ.

ಹದಿನಾರು ಬೆಳೆಯಿತು. ಓಡಿದ ವರ್ಷಗಳಲ್ಲೆಲ್ಲ ಕೊಬ್ಬರಿ ಹೊತ್ತುಕೊಂಡೇ ಬಂತು. ಅದರ ಸೊಟ್ಟ ಕೋಡು ಯಾವ ಕಡೆ ತಿರುಗುತ್ತದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಬೆನ್ನ ಮೇಲಿನ ಕಪ್ಪು ರೆಕ್ಸಿನ್ ಜೂಲದಲ್ಲಿ ಕಾಕಾ ಆ ಇಟಲಿಯ ಕಾರಿನ ಆಕಾರವನ್ನೇ ಹೊಲಿದಿದ್ದರು, ನಾಲ್ಕು ಕಣ್ಣಿಗೆ ನಾಲ್ಕು ಕನ್ನಡಿ ಚೂರು. ಜನ ಅದನ್ನು ಆಮೆ ಎಂದರು, ಕಪ್ಪೆ ಎಂದರು, ಇಸ್ತ್ರಿ ಪೆಟ್ಟಿಗೆ ಎಂದರು. ಕಾಕಾ ತಿದ್ದಲಿಲ್ಲ.

ಹದಿನಾರರ ಬೆನ್ನು ಬಿದ್ದವನೊಬ್ಬನಿದ್ದ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ಹಮಾಲ, ಹರೆಯದ ಆಳು, ಬಾಗಿಲಿನಷ್ಟು ಅಗಲ ಎದೆ. ಸುತ್ತಿನ ಊರುಗಳ ಹೋರಿಗಳೆಲ್ಲ ಅವನ ಕೈಗೆ ಕೊಬ್ಬರಿ ಕೊಟ್ಟಿದ್ದವು, ಇದೊಂದನ್ನು ಬಿಟ್ಟು. ಒಂದು ದಿನ ಅಂಗಡಿಯ ಮುಂದೆಯೇ ನಿಂತು ಆಣೆ ಇಟ್ಟ:

“ಕಾಕಾ, ಹದಿನಾರರ ಕೊಬ್ಬರಿ ಕಿತ್ತ ತಿನ್ನೂತನಕ ಗಡ್ಡಕ್ಕ ಕತ್ತಿ ಮುಟ್ಟಸಂಗಿಲ್ಲ.”

“ಹಂಗಾರ ಈಗಿಂದನ ಜಡಿ ಹೆಣಿಯೂದ ಕಲಿ ತಮ್ಮಾ” ಎಂದರು ಕಾಕಾ.

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ಅವನು ಹೋದ ಮೇಲೆ ಕಾಕಾ ದಾರದ ಉಂಡೆ ತೆಗೆದು ಜಗ್ಗಿ ಜಗ್ಗಿ ನೋಡಿದರು. ಹಿಂದಿನ ದೀಪಾವಳಿಯಲ್ಲಿ ಅವನ ಬೆರಳು ಹಾರದ ದಾರವನ್ನು ಮುಟ್ಟಿಯೇ ಬಿಟ್ಟಿತ್ತು. ದಾರದ ಒಂದು ಎಳೆ ಹರಿದಿದ್ದನ್ನು ಕಾಕಾ ಬೆರಳಲ್ಲಿ ಸವರಿ ನೋಡಿದ್ದನ್ನು ನಾನು ಕಂಡಿದ್ದೆ.

ಆ ವರ್ಷದ ಮಳೆಗಾಲದಲ್ಲಿ ರದ್ದಿ ಪತ್ರಿಕೆಯೊಂದರಲ್ಲಿ ಜಪಾನಿನ ಕಾರು ಬಂತು. ಪಂದ್ಯದ ಎಂಜಿನನ್ನೇ ಬೀದಿಗಿಳಿಸಲು ಮಾಡಿದ್ದು, ಕೊನೆಗೆ ಒಂದೂ ಮಾರಾಟವಾಗದೆ ನಿಂತದ್ದು. “ಮನಶ್ಯಾ ಎಲ್ಲಿ ಕುಂದರ್ತಾನ?” ಎಂದು ಕೇಳಿದರು. ನಟ್ಟನಡುವೆ ಒಬ್ಬನೇ ಕೂಡುತ್ತಾನೆ, ಮೇಲೆ ಗಾಜಿನ ಮುಚ್ಚಳ ಎಂದೆ. ಪುಟದ ಮೂಲೆಯಲ್ಲಿ ಸೀಟಿನ ಚಿತ್ರವಿತ್ತು: ಹೆಗಲ ಮೇಲಿಂದ ಎರಡು, ಸೊಂಟದಿಂದ ಎರಡು ಪಟ್ಟಿ, ನಾಲ್ಕೂ ಎದೆಯ ನಡುವೆ ಒಂದು ಬಿಲ್ಲೆಗೆ ಸೇರಿದ್ದವು. ಎಂಥ ಹೊಡೆತಕ್ಕೂ ಹರಿಯದ ಪಟ್ಟಿ, ಆದರೆ ಬಿಲ್ಲೆ ತಿರುವಿದರೆ ನಾಲ್ಕೂ ಒಂದೇ ಸಲಕ್ಕೆ ಬಿಡುತ್ತವೆ ಎಂದು ವಿವರಿಸಿದೆ.

“ಒಂದ ಸಲಕ್ಕ ನಾಕೂ?”

“ನಾಕೂ.”

ಕಾಕಾ ಅಂದು ಬೇರೆ ಪುಟ ಕೇಳಲಿಲ್ಲ.

ದೀಪಾವಳಿಯ ಹೊತ್ತಿಗೆ, ಅದೇ ಇಟಲಿಯ ಕಾರಿನ ಆಕಾರವಿದ್ದ ಹೊಸ ಜೂಲ ಸಿದ್ಧವಾಗಿತ್ತು. ಹೆಗಲ ಮೇಲಿಂದ ಎರಡು, ಹೊಟ್ಟೆಯ ಕೆಳಗಿನಿಂದ ಎರಡು ಲಾರಿ ಸೀಟಿನ ನೈಲಾನ್ ಪಟ್ಟಿ, ನಾಲ್ಕೂ ಎದೆಯಲ್ಲಿ ಸೇರಿದ್ದವು. ಕೊಬ್ಬರಿಗಳನ್ನು ಪೋಣಿಸಿದ್ದು ಹತ್ತಿ ದಾರದಲ್ಲಲ್ಲ, ಅದೇ ನೈಲಾನಿನಲ್ಲಿ. ಹಾರವನ್ನು ಕೊರಳಿಗೆ ಕಟ್ಟದೆ ಪಟ್ಟಿಗಳಿಗೇ ಕುಣಿಕೆ ಹಾಕಿ ಬಿಗಿದಿದ್ದರು. ಬಿಲ್ಲೆಯ ಬದಲು ಎದೆಯ ಮೇಲೆ ಸರಪಳಿ ಹೊಲಿಗೆ. ಬ್ಯಾಡಗಿಯ ಚೀಲದ ಬಾಯಿ ಹೊಲಿಯುವುದು ಹೀಗೆಯೇ: ಸರಿಯಾದ ತುದಿ ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ, ತಪ್ಪು ತುದಿ ಎಳೆದರೆ ಮತ್ತಷ್ಟು ಬಿಗಿಯುತ್ತದೆ.

ಕಾಕಿ ಬಂದು ಹಾರದ ದಾರವನ್ನು ಎರಡು ಕೈಯಲ್ಲಿ ಜಗ್ಗಿ ನೋಡಿದರು. ಅವರ ಮುಖ ಸಣ್ಣದಾಯಿತು.

“ಇದು ಹರೀವಲ್ದಲ್ರಿ.”

“ಹರೀಬಾರದಂತನ ಹಾಕೇನಿ.”

“ಹರೀಬೇಕಾದ್ದು ಹರೀಬೇಕ್ರಿ. ಹಿಡದಂವ ಮನಶ್ಯಾ ಇರತಾನ, ಅವಂಗೂ ಒಂದ ಕೈ ಇರತೈತಿ.”

ಕಾಕಾ ದಬ್ಬಣವನ್ನು ಕಾಲರಿಗೆ ಚುಚ್ಚಿಕೊಂಡು ಎದ್ದುಹೋದರು. “ಮೂಗಿಗಿಂತ ಮೂಗುತಿ ಭಾರ ಆಗಬಾರದು” ಎನ್ನುತ್ತಿದ್ದಳು ನಮ್ಮಜ್ಜಿ. ಅಂದು ಆ ಮಾತು ನನ್ನ ನಾಲಗೆಯ ತುದಿಗೆ ಬಂದು ನಿಂತಿತ್ತು.

ಆ ವರ್ಷದ ಹಬ್ಬ ಬ್ಯಾಡಗಿ ಕಡೆಯ ಒಂದು ಹಳ್ಳಿಯಲ್ಲಿ. ಮಧ್ಯಾಹ್ನದ ಬಿಸಿಲು. ಓಣಿಯ ಎರಡೂ ಬದಿಗೆ ಜನ, ಮಾಳಿಗೆಯ ಮೇಲೆ ಜನ, ಟ್ರ್ಯಾಕ್ಟರಿನ ಮೇಲೆ ಜನ. ಓಣಿಯ ಕೊನೆಗೆ ಹಳೆಯ ಊರಬಾಗಿಲು, ಅಗಸಿ. ಎರಡು ಕಲ್ಲುಗಂಬಗಳ ನಡುವೆ ಒಂದು ಚಕ್ಕಡಿ ಹೋಗುವಷ್ಟು ಜಾಗ. ಅದನ್ನು ದಾಟಿದರೆ ಹೋರಿ ಗೆದ್ದಂತೆ. ನಾನೂ ಕಾಕಾನೂ ಅಗಸಿಯ ಪಕ್ಕದ ಕಟ್ಟೆಯ ಮೇಲೆ ನಿಂತಿದ್ದೆವು.

“ಬಂತ್ರೀ ಬಂತು, ರಾಣೆಬೆನ್ನೂರಿನ ಹದಿನಾರು! ಗಡ್ಡದಪ್ಪಾ, ಎಲ್ಲಿದ್ದೀಯೋ, ಗಡ್ಡ ಸಂಭಾಳಿಸು!” ಮೈಕಿನವ ಕೂಗಿದ.

ಹಲಗೆ ವಾದ್ಯದ ಸದ್ದು ಏರಿತು. ಜನ ಇಬ್ಭಾಗವಾಯಿತು. ಕರಿ ಹೋರಿ ಧೂಳೆಬ್ಬಿಸಿಕೊಂಡು ಬಂತು. ಒಬ್ಬ ಕೈ ಹಾಕಿ ಉರುಳಿದ, ಇನ್ನೊಬ್ಬ ಮುಟ್ಟುವ ಮೊದಲೇ ಹಿಂದೆ ಜಿಗಿದ. ಅರ್ಧ ಓಣಿಯಲ್ಲಿ ಹಮಾಲ ಗೋಡೆಯ ಮರೆಯಿಂದ ನೆಗೆದು ಹೋರಿಯ ಹೆಗಲಿಗೆ ಬಿದ್ದ. ಈ ಸಲ ಅವನ ಲೆಕ್ಕ ತಪ್ಪಿರಲಿಲ್ಲ. ಹಾರದೊಳಗೆ ಕೈ ತೂರಿಸಿ, ಒಂದು ಸುತ್ತು ಸುತ್ತಿಕೊಂಡು ಜಗ್ಗಿದ.

ಹತ್ತಿ ದಾರವಾಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. ಕೊಬ್ಬರಿ ಅವನ ಕೈಗೆ, ಹೋರಿ ಅದರ ದಾರಿಗೆ.

ದಾರ ಹರಿಯಲಿಲ್ಲ. ಕುಣಿಕೆ ಅವನ ಮಣಿಕಟ್ಟಿಗೆ ಕೂತು ಬಿಗಿಯಿತು. ಹೋರಿ ಓಡಿತು. ಅವನ ಕಾಲು ಒಮ್ಮೆ ನೆಲ ಮುಟ್ಟಿತು, ಇನ್ನೊಮ್ಮೆ ತಪ್ಪಿತು, ಆಮೇಲೆ ಮೈಯೆಲ್ಲ ನೆಲಕ್ಕೆ ಬಿದ್ದು ಹೋರಿಯ ಮಗ್ಗುಲಲ್ಲಿ ಎಳೆದುಕೊಂಡು ಬರತೊಡಗಿತು. ಜನ ಇನ್ನೂ ಕೇಕೆ ಹಾಕುತ್ತಲೇ ಇದ್ದರು. ಅವನು ಹಟಕ್ಕೆ ಬಿದ್ದು ಹಿಡಿದಿದ್ದಾನೆ ಎಂದೇ ಎಲ್ಲರೂ ತಿಳಿದಿದ್ದರು.

“ದಾರ... ಹರೀವಲ್ದು! ಕಾಕಾ, ದಾರ ಹರೀವಲ್ದೋ!”

ಆ ಕೂಗಿನ ಅರ್ಥ ಆ ಜಂಗುಳಿಯಲ್ಲಿ ತಿಳಿದದ್ದು ಒಬ್ಬರಿಗೇ. ನನ್ನ ಮಗ್ಗುಲು ಖಾಲಿಯಾಗಿತ್ತು. ಕಾಕಾ ಕಟ್ಟೆಯಿಂದ ಹಾರಿ ಅಗಸಿಯ ಬಾಯಲ್ಲಿ, ಎರಡು ಕಂಬಗಳ ನಡುವೆ ನಿಂತಿದ್ದರು. ಹೋರಿ ಆ ಸಂದಿಯಲ್ಲಿ ನುಗ್ಗಿದರೆ ಅದರ ಮಗ್ಗುಲಿಗೆ ಸಿಕ್ಕವನನ್ನು ಕಲ್ಲು ಉಳಿಸುವುದಿಲ್ಲ.

“ಹೋ... ಹೋ... ಹದಿನಾರೂ... ಹೋ ನನ್ನಪ್ಪಾ...”

ದನಿ ಏರಿಸಲಿಲ್ಲ. ಗೋದಲಿಯಲ್ಲಿ ಮೇವು ಹಾಕುವಾಗ ಕರೆಯುವ ದನಿ ಅದು. ಹೋರಿಯ ಕಿವಿ ತಿರುಗಿತು. ಓಟ ಮುರಿಯಿತು, ಆದರೆ ನಿಲ್ಲಲಿಲ್ಲ. ಸೊಟ್ಟ ಕೋಡು ಕಾಕಾನ ಪಕ್ಕೆಗೆ ತಾಗಿದ್ದು ನನಗೆ ಕಂಡಿತು. ಅವರು ಬೀಳದೆ ಹೋರಿಯ ಕೊರಳಿಗೆ ಹೆಗಲು ಕೊಟ್ಟು, ಹಿಂದೆ ಹಿಂದೆ ಸರಿಯುತ್ತ, ಎದೆಯ ಕೆಳಗೆ ಕೈ ಹಾಕಿದರು. ತುದಿ ಸಿಕ್ಕಿತು. ಎಳೆದರು.

ಬಿಗಿಯಿತು.

ಓಟದಲ್ಲಿ ಪಟ್ಟಿ ತಿರುಚಿಕೊಂಡು ತುದಿಗಳು ಅದಲುಬದಲಾಗಿದ್ದವು. ಹಮಾಲನ ಬಾಯಿಂದ ಹೊರಟ ಸದ್ದು ಮನುಷ್ಯನದರಂತಿರಲಿಲ್ಲ. ಕಾಕಾನ ಬೆನ್ನು ಕಲ್ಲುಗಂಬಕ್ಕೆ ಮುಟ್ಟಿತು, ಹಿಂದೆ ಸರಿಯಲು ಇನ್ನು ಜಾಗವಿರಲಿಲ್ಲ. ಅವರು ಕಣ್ಣು ಮುಚ್ಚಿಕೊಂಡರು. ಬೆರಳುಗಳು ಹೊಲಿಗೆಯ ಮೇಲೆ ಕುರುಡರ ಬೆರಳಿನಂತೆ ಹರಿದಾಡಿ ಇನ್ನೊಂದು ತುದಿಯನ್ನು ಹಿಡಿದವು.

ಸರ್ರ್...

ನಾಲ್ಕೂ ಪಟ್ಟಿ ಒಮ್ಮೆಲೇ ಬಿಟ್ಟವು. ಜೂಲದ ಕಾರು, ಕನ್ನಡಿ, ಕೊಬ್ಬರಿ, ಹಮಾಲ, ಎಲ್ಲ ಒಟ್ಟಿಗೆ ನೆಲಕ್ಕೆ ಬಿದ್ದವು. ಮೈ ಹಗುರಾದ ಹೋರಿ ಬೆದರಿ ಕಾಕಾನನ್ನು ಸವರಿಕೊಂಡು ಅಗಸಿ ದಾಟಿ ಬಯಲಿಗೆ ಓಡಿತು. ಅದರ ಮೈಮೇಲೆ ಒಂದು ನೂಲೂ ಇರಲಿಲ್ಲ.

ಹಲಗೆ ನಿಂತಿತು. ಹಮಾಲನ ಮಣಿಕಟ್ಟು ಕೆಂಪಗೆ ಸೀಳಿತ್ತು, ಅಂಗೈ ಒಂದು ಕಡೆ ಜೋತಿತ್ತು. ನನ್ನ ಚೀಲದಲ್ಲಿದ್ದ ಬ್ಯಾಂಡೇಜು ತೆಗೆದು ಸುತ್ತಿದೆ. ಜೀವ ಇತ್ತು. ಬೈಗುಳವೂ ಇತ್ತು. ಬೈಗುಳ ಕೇಳಿ ನನಗೆ ಸಮಾಧಾನವಾಯಿತು.

ಮೈಕಿನವ ಕೆಳಗಿಳಿದು ಬಂದ. “ಕಾಕಾ, ಏನಂತ ಒದರ್ಲಿ? ಯಾರೂ ಕಿತ್ತಿಲ್ಲ. ಹೋರಿ ಅಗಸಿ ದಾಟೈತಿ. ಹದಿನಾರು ಗೆದ್ದೈತಿ ಅಂತ...”

ಕಾಕಾ ಪಕ್ಕೆ ಹಿಡಿದುಕೊಂಡು ಕೂತಿದ್ದರು. ಬಾಯಿಗೆ ಬಂದ ಗೆಲುವು ಅದು. ಹೂಂ ಎಂದಿದ್ದರೆ ಆ ಊರಲ್ಲಿ ಬೇಡ ಅನ್ನುವವರು ಯಾರೂ ಇರಲಿಲ್ಲ.

“ಸೋತೈತಿ ಅಂತ ಒದರು.”

“ಕಿತ್ತವರು ಯಾರಂತ ಹೇಳ್ಲಿ?”

“ಅದರ ಮಾಲಕ ಅಂತ ಹೇಳು. ಹರೀಲಾರದ ದಾರ ಹಾಕಿದವನ ಹೋರಿ ಓಡೂಕಿಂತ ಮೊದಲ ಸೋತಿರತೈತಿ.”

ಮೈಕಿನವ ಹಾಗೆಯೇ ಒದರಿದ. ಕಾಕಾ ಮಣ್ಣಿನಿಂದ ಒಂದು ಕೊಬ್ಬರಿ ಬಟ್ಟಲು ಆರಿಸಿ, ಧೋತರದ ಚುಂಗಿನಿಂದ ಒರೆಸಿ ಹಮಾಲನ ಮುಂದೆ ಹಿಡಿದರು. “ತೊಗೋ. ತಿನ್ನು. ನಿನ್ನ ಆಣಿ ತೀರಿತು.”

ಅವನು ಮುಖ ತಿರುಗಿಸಿದ. “ಕೊಟ್ಟ ಕೊಬ್ಬರಿ ನನಗ ಬ್ಯಾಡ್ರಿ. ಕಿತ್ತ ತಿನ್ನಂವ ನಾ. ಮುಂದಿನ ವರ್ಷ ಬಿಡ್ರಿ, ನೋಡೂಣು.”

“ಮುಂದಿನ ವರ್ಷ ಹದಿನಾರು ಓಡಂಗಿಲ್ಲೋ. ಇವತ್ತಿಗೆ ಮುಗೀತು.”

“ಹಂಗಾರ ನನ್ನ ಗಡ್ಡ?”

ಆ ನೋವಿನಲ್ಲೂ ಅವನು ಕೇಳಿದ ರೀತಿಗೆ ಜನ ನಕ್ಕುಬಿಟ್ಟರು. ಕಾಕಾ ಮಾತ್ರ ನಗಲಿಲ್ಲ.

ಮುಂದೆ ಅವರು ಜೂಲ ಹೊಲಿಯುವುದನ್ನು ಬಿಡಲಿಲ್ಲ. ಆದರೆ ಯಾವ ಹೋರಿಯ ಮಾಲಕ ಬಂದರೂ ಮೊದಲು ಅವನ ಕೈಗೆ ಹಾರದ ದಾರ ಕೊಟ್ಟು, “ಜಗ್ಗಿ ಹರಿ” ಎನ್ನುತ್ತಿದ್ದರು. ಹರಿದರೆ ಮಾತ್ರ ಕೆಲಸ ಹಿಡಿಯುವುದು. ಆ ನೈಲಾನ್ ಪಟ್ಟಿಗಳನ್ನು ಹೊಲಿಗೆ ಯಂತ್ರದ ಮೇಲೆ, ಬಂದವರಿಗೆಲ್ಲ ಕಾಣುವಂತೆ, ಮೊಳೆಗೆ ನೇತುಹಾಕಿದ್ದರು. ಯಾರಾದರೂ ಇದೇನು ಎಂದರೆ, “ಜಪಾನದು. ಅವರು ಬರೋಬರಿ ಮಾಡ್ಯಾರ, ನಾ ತಪ್ಪು ಜಾಗಾಕ್ಕ ಹಚ್ಚಿದೆ” ಎನ್ನುತ್ತಿದ್ದರು.

ಹಮಾಲನ ಕೈ ಕೂಡಿತು, ಆದರೆ ಮಣಿಕಟ್ಟು ಸ್ವಲ್ಪ ಓರೆಯಾಗಿಯೇ ಉಳಿಯಿತು. ಚೀಲ ಹೊರುವುದು ಕಷ್ಟವಾಗಿ ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಕೂತ. ರಾಣೆಬೆನ್ನೂರಿಗೆ ಬಂದಾಗಲೆಲ್ಲ ಅಂಗಡಿಗೆ ಬರುತ್ತಿದ್ದ. ಎದೆ ಮುಟ್ಟುವ ಗಡ್ಡ ನೀವಿಕೊಳ್ಳುತ್ತ ರೆಕ್ಸಿನ್ ರಾಶಿಯ ಮೇಲೆ ಕೂತು ನಾನು ಓದುವುದನ್ನು ಕೇಳುತ್ತಿದ್ದ.

“ಒಂದ ಸಲ ಬಿಡ್ರಿ ಕಾಕಾ, ಬರೇ ಓಣ್ಯಾಗ. ಮನಿಯಾಗ ಹೇಣ್ತಿ ಒಳಗ ಕರಕೊಳ್ಳವಲ್ಲಳು.”

“ಗಡ್ಡಕ್ಕಲ್ಲೋ, ನಿನ್ನ ಮಾರಿಗೆ.”

ಹೀಗೆ ಇಬ್ಬರೂ ಕೆಣಕುತ್ತಿದ್ದರು. ಆದರೆ ಅವನು ಚಹಾದ ಲೋಟ ಹಿಡಿಯಲು ಆ ಓರೆ ಕೈ ಚಾಚಿದಾಗಲೆಲ್ಲ ಕಾಕಾ ಬೇರೆ ಕಡೆ ನೋಡುತ್ತಿದ್ದರು. ಇದ್ದಷ್ಟು ದಿನವೂ ಹಾಗೆಯೇ ನೋಡಿದರು.

ಲಾರಿಗಳೆಲ್ಲ ಹೊಸ ಹೆದ್ದಾರಿ ಹಿಡಿದು, ಹಳೆಯ ರಸ್ತೆ ಸಪ್ಪಗಾದ ಮೇಲೊಂದು ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಎದೆಯ ಬೇನೆ, ವಾರದ ಹಾಸಿಗೆ, ಅಷ್ಟೆ. ಮಣ್ಣು ಮುಗಿಸಿ ಬಂದು ನಾವು ಅವರ ಮನೆಯ ಹಿತ್ತಲಲ್ಲಿ ಕೂತಿದ್ದೆವು. ಹಮಾಲನೂ ಬಂದಿದ್ದ, ಗಡ್ಡದಲ್ಲಿ ಆಗಲೇ ಬಿಳಿ ಕೂದಲು. ಕೊಟ್ಟಿಗೆಯಲ್ಲಿ ಹದಿನಾರು ನಿಂತಿತ್ತು. ಮೈ ಇಳಿದಿತ್ತು, ಸೊಟ್ಟ ಕೋಡು ಮಾತ್ರ ಹಾಗೆಯೇ. ಕಾಕಿ ಒಳಗಿನಿಂದ ಏನೋ ತಂದು ಅದರ ಕೊರಳಿಗೆ ಹಾಕಿದರು. ನೋಡಿದರೆ ಬಿಳಿ ದಾರದಲ್ಲಿ ಪೋಣಿಸಿದ ಒಂದೇ ಒಂದು ಕೊಬ್ಬರಿ ಬಟ್ಟಲು.

“ಹಾಸಿಗಿ ಮ್ಯಾಲ ಕುಂತ ಪೋಣಿಸಿದ್ರು” ಎಂದರು ಹಮಾಲನ ಕಡೆ ತಿರುಗಿ. “ನಾ ಹ್ವಾದ ಮ್ಯಾಲ ಅವಂಗ ಹೇಳು ಅಂದ್ರು. ಕೊಟ್ಟರ ತೊಗೊಳ್ಳೂದಿಲ್ಲ ಅಂವ, ಕೀಳಂತ ಹೇಳು ಅಂದ್ರು.”

ಹಮಾಲ ಎದ್ದ. ಕೊಟ್ಟಿಗೆಯ ಬಾಗಿಲಲ್ಲಿ ನಿಂತ. ಹೋರಿ ಮೂಸುತ್ತ ಕತ್ತು ಚಾಚಿತು.

“ಬಿಗಿ ಕಟ್ಟ್ಯಾರೇನು ಕಾಕಿ?”

“ಇಲ್ಲೋ ಯಪ್ಪಾ. ಹತ್ತಿ ದಾರ.”

ಅವನು ಆ ಓರೆ ಕೈಯನ್ನೇ ಮುಂದೆ ಮಾಡಿ, ಎರಡು ಬೆರಳಲ್ಲಿ ಹಿಡಿದು ಜಗ್ಗಿದ. ಟಪ್ಪನೆ ಹರಿಯಿತು. ಕೊಬ್ಬರಿಯನ್ನು ಮೊಣಕಾಲಿಗೆ ಕುಟ್ಟಿ ಒಡೆದು, ಮೊದಲ ಚೂರನ್ನು ಹದಿನಾರರ ಬಾಯಿಗೆ ಹಿಡಿದ. ಇನ್ನೊಂದನ್ನು ತನ್ನ ಬಾಯಿಗೆ ಹಾಕಿಕೊಂಡ. ಇಬ್ಬರೂ ಅಗಿಯುತ್ತ ನಿಂತರು.